ಅಪ್ಪ ಅಮ್ಮ ಇಬ್ರೂ ಆರೋಗ್ಯವಾಗಿದ್ರೂ ಮಗುಗೆ ಕಾಯಿಲೆ ಎಲ್ಲಿಂದ ಬರತ್ತೆ?

ಮನೇಲಿ ಯಾರಿಗೂ ಇಲ್ಲದ ಕಾಯಿಲೆ ಮಗುಗೆ ಹುಟ್ಟುತ್ತಲೇ ಬಂದಿದ್ರೆ ಎಲ್ಲರೂ ಮೊದಲು ಹುಡುಕೋದು ತಪ್ಪು ಯಾರದ್ದು ಅಂತ, ಮತ್ತೆ ಎಷ್ಟೋ ಸಲ ಎಲ್ಲರ ಕಣ್ಣೂ ತಾಯಿ ಮೇಲೇ ಬೀಳತ್ತೆ. ಇದು ನಂಗೆ ತುಂಬಾ ಸಂಕಟ ಕೊಡೋ ವಿಷಯ, ಯಾಕಂದ್ರೆ ಇದಕ್ಕೆ ಉತ್ತರ ಸಿಕ್ಕೋಕೆ ಶುರುವಾಗಿ ನೂರು ವರ್ಷದ ಮೇಲಾಯ್ತು.

1902ರಲ್ಲಿ ಲಂಡನ್ನಿನ ಡಾಕ್ಟರ್ ಆರ್ಚಿಬಾಲ್ಡ್ ಗ್ಯಾರಡ್ ಅಲ್ಕಾಪ್ಟೊನೂರಿಯಾ ಬಗ್ಗೆ ಬರೆದ್ರು. ಈ ಕಾಯಿಲೆ ಇರೋರ ಮೂತ್ರ ಗಾಳಿಗೆ ಬಿಟ್ರೆ ಕಪ್ಪಾಗತ್ತೆ, ಕರುಳಿನ ಬ್ಯಾಕ್ಟೀರಿಯಾದಿಂದ ಹೀಗಾಗತ್ತೆ ಅಂತ ಆಗ ಹೇಳ್ತಿದ್ರು. ಗ್ಯಾರಡ್ ನೋಡಿದ್ದು ಬೇರೆ: ಅಣ್ಣ ತಂಗಿಯರಿಗೆ ಇದೆ, ಅಪ್ಪ ಅಮ್ಮಂಗೆ ಇಲ್ಲ, ಮತ್ತೆ ಆ ಅಪ್ಪ ಅಮ್ಮಂದಿರಲ್ಲಿ ಸುಮಾರು ಜನ ಒಬ್ರಿಗೊಬ್ರು ಹತ್ತಿರದ ರಕ್ತಸಂಬಂಧಿಗಳು. ಗುಣಗಳು ತಲೆಮಾರಿಂದ ತಲೆಮಾರಿಗೆ ಯಾವ ಲೆಕ್ಕದಲ್ಲಿ ಹೋಗತ್ತೆ ಅಂತ ಗ್ರೆಗರ್ ಮೆಂಡೆಲ್ ಅನ್ನೋ ಪಾದ್ರಿ ಬಟಾಣಿ ಗಿಡಗಳ ಮೇಲೆ ಮಾಡಿದ ಕೆಲಸ 1866ರಲ್ಲೇ ಅಚ್ಚಾಗಿ 1900ರ ತನಕ ಯಾರ ಗಮನಕ್ಕೂ ಬರದೇ ಬಿದ್ದಿತ್ತು. ಆ ಲೆಕ್ಕ ಇಲ್ಲಿಗೆ ಸರಿಹೊಂದತ್ತೆ ಅಂತ ತೋರಿಸಿಕೊಟ್ಟಿದ್ದು ಇಂಗ್ಲೆಂಡಿನ ಜೀವವಿಜ್ಞಾನಿ ವಿಲಿಯಂ ಬೇಟ್ಸನ್.

ಲೆಕ್ಕ ಇಷ್ಟೇ. ಹೆಚ್ಚಿನ ಜೀನ್‌ಗಳು ನಮ್ಮಲ್ಲಿ ಎರಡೆರಡು ಪ್ರತಿ ಇರತ್ತೆ, ಅಪ್ಪಂದು ಒಂದು ಅಮ್ಮಂದು ಒಂದು. ರಿಸೆಸಿವ್ ಅಂದ್ರೆ ಎರಡೂ ಪ್ರತಿ ಕೆಟ್ಟಿದ್ರೆ ಮಾತ್ರ ಬರೋ ಕಾಯಿಲೆ, ಅದ್ರಲ್ಲಿ ಒಂದು ಕೆಟ್ಟಿದ್ರೂ ಇನ್ನೊಂದು ಕೆಲಸ ನಡೆಸ್ಕೊಂಡು ಹೋಗತ್ತೆ, ಅಂಥೋರು ಕ್ಯಾರಿಯರ್, ರೋಗಿ ಅಲ್ಲ. ಇಬ್ಬರು ಕ್ಯಾರಿಯರ್‌ಗಳ ಪ್ರತಿ ಬಸಿರಲ್ಲೂ ಕಾಯಿಲೆ ಬರೋ ಸಾಧ್ಯತೆ ಶೇಕಡ 25. ಇಲ್ಲಿ ಒಂದು ದೊಡ್ಡ ಅಪಾರ್ಥ ಇದೆ, ಒಂದು ಮಗುಗೆ ಬಂದಾಯ್ತು ಇನ್ನು ಮೂರಕ್ಕೆ ಬರಲ್ಲ ಅಂದ್ಕೋತಾರೆ, ಹಾಗಲ್ಲ, ಪ್ರತಿ ಸಲಾನೂ ಅದೇ 25.

ಡಾಮಿನೆಂಟ್ ಆದ್ರೆ ಕೆಟ್ಟ ಪ್ರತಿ ಒಂದೇ ಸಾಕು, ಅಪ್ಪ ಅಮ್ಮರಲ್ಲಿ ಒಬ್ರಿಗೆ ಅದಿದ್ರೆ ಮಗುಗೆ ಬರೋ ಸಾಧ್ಯತೆ ಶೇಕಡ 50. ಅಮೆರಿಕದ ಡಾಕ್ಟರ್ ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ಬರೆದ, ಮೆದುಳು ಹಾಳಾಗ್ತಾ ಮೈಕೈ ಹಿಡಿತ ತಪ್ಪೋ ಹಂಟಿಂಗ್ಟನ್ ಕಾಯಿಲೆ ಈ ಥರದ್ದು. ಅವರ ತಾತ, ಅಪ್ಪ ಇಬ್ರೂ ಲಾಂಗ್ ಐಲ್ಯಾಂಡ್‌ನಲ್ಲಿ ಡಾಕ್ಟರ್ ಆಗಿದ್ರಿಂದ ಅದೇ ಮನೆತನಗಳ ತಲೆಮಾರುಗಳು ಅವರ ಕಣ್ಮುಂದೆ ಇದ್ವು, ಒಬ್ಬರು ತಪ್ಪಿಸಿಕೊಂಡ್ರೆ ಅವರ ಮಕ್ಕಳಿಗೂ ಬರಲ್ಲ ಅನ್ನೋದನ್ನ ಮೆಂಡೆಲ್ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ಅವರು ಬರೆದಿಟ್ರು. ಕ್ರೂರವಾದ ಸಂಗತಿ ಅಂದ್ರೆ ಲಕ್ಷಣಗಳು ಸಾಮಾನ್ಯವಾಗಿ 30ರಿಂದ 50 ವಯಸ್ಸಲ್ಲಿ ಶುರುವಾಗತ್ತೆ, ಅಷ್ಟೊತ್ತಿಗೆ ಮಕ್ಕಳು ಹುಟ್ಟಿರ್ತಾರೆ. ವೆನೆಜುವೆಲಾದ ಮರಕೈಬೊ ಸರೋವರದ ಸುತ್ತಲಿನ ಕುಟುಂಬಗಳು ರಕ್ತ ಕೊಟ್ಟು ಸಹಕರಿಸಿದ್ದು ಆ ಜೀನ್ ಹುಡುಕೋಕೆ ತುಂಬಾ ನೆರವಾಯ್ತು, 1993ರಲ್ಲಿ ಅದು ಸಿಕ್ತು.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹಿಮೋಫೀಲಿಯಾ ಹೆಂಗಸರ ಮೂಲಕ ಗಂಡುಮಕ್ಕಳಿಗೆ ಹೋಗತ್ತೆ ಅಂತ ಫಿಲಡೆಲ್ಫಿಯಾದ ಡಾಕ್ಟರ್ ಜಾನ್ ಆಟೊ 1803ರಲ್ಲೇ ಬರೆದಿದ್ರು. ಯಾಕೆ ಅಂತ ತಿಳಿಯೋ ದಾರಿ ತೆರೆದಿದ್ದು 1910ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಗನ್ ಅವರ ಬಿಳಿ ಕಣ್ಣಿನ ನೊಣದಿಂದ, ಆ ಬಿಳಿ ಕಣ್ಣಿನ ಗುಣ ಎಕ್ಸ್ ಕ್ರೋಮೋಸೋಮ್ ಜೊತೆ ಹೋಗತ್ತೆ ಅಂತ ಅವರು ಕಂಡರು. ಕ್ರೋಮೋಸೋಮ್ ಅಂದ್ರೆ ಜೀನ್‌ಗಳನ್ನ ಹೊರೋ ಎಳೆ. ಹಿಮೋಫೀಲಿಯಾದ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ, ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ, ಅದೂ ಅಮ್ಮನಿಂದ ಬಂದಿದ್ದು. ಹಾಗಾಗಿ ಕಾಯಿಲೆ ಇರೋ ಅಪ್ಪನಿಂದ ಮಗನಿಗೆ ಬರಲ್ಲ, ಹೆಣ್ಣುಮಕ್ಕಳೆಲ್ಲ ಕ್ಯಾರಿಯರ್ ಆಗ್ತಾರೆ.

ಆದ್ರೆ ಸುಮಾರು ಮೂರರಲ್ಲಿ ಒಂದು ಹಿಮೋಫೀಲಿಯಾ ಕೇಸಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇದ್ದಿದ್ದು ಗೊತ್ತಿರಲ್ಲ, ಜೀನಲ್ಲಿ ಹೊಸದಾಗಿ ಆದ ಬದಲಾವಣೆಗಳೇ ಇದಕ್ಕೆ ದೊಡ್ಡ ಕಾರಣ. ಕೈಕಾಲು ಗಿಡ್ಡವಾಗೋ ಅಕಾಂಡ್ರೊಪ್ಲೇಷಿಯಾ ಡಾಮಿನೆಂಟ್ ಆದ್ರೂ ಸುಮಾರು ಶೇಕಡ 80 ಮಂದಿಯ ಅಪ್ಪ ಅಮ್ಮ ಸಾಮಾನ್ಯ ಎತ್ತರದವರು. ಕೊನೇಲಿ ಹುಟ್ಟಿದ ಮಕ್ಕಳಲ್ಲಿ ಇದು ಜಾಸ್ತಿ ಅಂತ ಜರ್ಮನಿಯ ಡಾಕ್ಟರ್ ವೈನ್‌ಬರ್ಗ್ 1912ರಲ್ಲೇ ಗಮನಿಸಿದ್ರು, ಈಗ ಗೊತ್ತಾಗಿರೋದು ಆ ಬದಲಾವಣೆ ಹೆಚ್ಚುಕಮ್ಮಿ ಯಾವಾಗ್ಲೂ ಅಪ್ಪನ ವೀರ್ಯಾಣುವಲ್ಲಿ ಆಗತ್ತೆ, ಅಪ್ಪನ ವಯಸ್ಸು ಏರಿದಂಗೆ ಸಾಧ್ಯತೆ ಏರತ್ತೆ. ಇಷ್ಟಿದ್ರೂ ತಾಯೀನ ದೂರೋದು ನಿಂತಿಲ್ಲ.

ಬರೀ ತಾಯಿಯಿಂದ ಬರೋವೂ ಇವೆ, ಜೀವಕೋಶಕ್ಕೆ ಶಕ್ತಿ ಒದಗಿಸೋ ಭಾಗವಾದ ಮೈಟೊಕಾಂಡ್ರಿಯಾದ ಕಾಯಿಲೆಗಳಲ್ಲಿ ಒಂದು ಗುಂಪು, ಅದರ ಪುರಾವೆ ಸಿಕ್ಕಿದ್ದು 1988ರಲ್ಲಿ. ಆದ್ರೆ ತನಗೆ ಬಂದ ಜೀನನ್ನ ಯಾರೂ ಆರಿಸ್ಕೊಂಡು ಬಂದಿರಲ್ಲ.

ಇನ್ನೊಂದು ಮುಖ್ಯ ಮಾತು. ರೆಟಿನೈಟಿಸ್ ಪಿಗ್ಮೆಂಟೋಸಾದಂಥ ಕಣ್ಣಿನ ಕಾಯಿಲೆ ಒಂದು ಮನೇಲಿ ಡಾಮಿನೆಂಟ್, ಇನ್ನೊಂದ್ರಲ್ಲಿ ರಿಸೆಸಿವ್, ಮತ್ತೊಂದ್ರಲ್ಲಿ ಎಕ್ಸ್ ಮೂಲಕ ಬರಬಹುದು. ಕಾಯಿಲೆ ಹೆಸರು ಒಂದೇ ಅಂತ ಬೇರೆ ಮನೆಯವರ ಲೆಕ್ಕ ನಿಮಗೆ ಹಚ್ಚಿಕೊಳ್ಬೇಡಿ, ಮೂರು ತಲೆಮಾರಿನ ವಿವರ ತಗೊಂಡು ಜೆನೆಟಿಕ್ ಕೌನ್ಸೆಲರ್ (ಜೀನ್ ಕಾಯಿಲೆಗಳ ಬಗ್ಗೆ ಸಲಹೆ ಕೊಡೋರು) ಹತ್ರ ಹೋಗಿ, ಯಾವ ಜೀನ್ ಅಂತ ತಿಳ್ಕೊಂಡ ಮೇಲೇ ಮುಂದಿನ ಮಗು ಬಗ್ಗೆ ಯೋಚನೆ ಮಾಡಿ.