ತಿರುಗಿದ್ದು ಎಷ್ಟು ಸೆಕೆಂಡು?

ಕಿವಿ-ಮೂಗು-ಗಂಟಲು ವಿಭಾಗಕ್ಕೆ ಬರುವ ಎಷ್ಟೋ ಫೈಲುಗಳ ಮೇಲೆ ಮೊದಲೇ ಬರೆದಿರುತ್ತದೆ: ವರ್ಟಿಗೋ. ಒಳಗೆ ಕುತ್ತಿಗೆ ಎಕ್ಸ್‌ರೇ, ಎಂಆರ್‌ಐ, ಮಾತ್ರೆ ಚೀಟಿಗಳು. “ಶುಗರ್ ಇದೆ, ಬಿಪಿ ಇದೆ, ವರ್ಟಿಗೋನೂ ಇದೆ ಡಾಕ್ಟ್ರೇ” ಅನ್ನುತ್ತಾರೆ. ವರ್ಟಿಗೋ ಕಾಯಿಲೆಯ ಹೆಸರಲ್ಲ, ಜ್ವರದ ಹಾಗೆ ಒಂದು ಲಕ್ಷಣ. ಲ್ಯಾಟಿನ್‌ನಲ್ಲಿ ‘ತಿರುಗು’ ಎಂಬ ಧಾತುವಿನಿಂದ ಬಂದ ಪದ: ನಾವು ಸುಮ್ಮನಿದ್ದರೂ ಗೋಡೆ, ಫ್ಯಾನು ಗರಗರ ತಿರುಗಿದಂತೆ ಕಾಣುವುದು.

ದಯವಿಟ್ಟು ಆ ಪದ ಬಿಟ್ಟು ಮನೆಮಾತಿನಲ್ಲೇ ಹೇಳಿ. “ಮನೆಯೆಲ್ಲ ತಿರುಗಿತು” ಅಂದರೆ ನಾವು ಮೊದಲು ಒಳಗಿವಿಯನ್ನು ಅನುಮಾನಿಸುತ್ತೇವೆ. “ಎದ್ದ ತಕ್ಷಣ ಕಣ್ಣು ಕತ್ತಲೆ ಬಂತು” ಅಂದರೆ ಮಲಗಿಸಿ ಒಮ್ಮೆ, ನಿಂತ 3 ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡುತ್ತೇವೆ; ಮೇಲಿನ ಅಂಕಿ 20 ಇಳಿದರೆ ದಾರಿ ಸಿಕ್ಕಂತೆ. “ಕೂತರೆ ಏನಿಲ್ಲ, ನಡೆದರೆ ತೂರಾಡುತ್ತೆ” ಅನ್ನುವ ಶುಗರ್‌ನವರ ಪಾದದ ನರ ಪರೀಕ್ಷಿಸಬೇಕು.

ಎಷ್ಟು ಹೊತ್ತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: “ದಿನವೆಲ್ಲ.” ಬಿಡಿಸಿ ಕೇಳಿದರೆ, ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಅರ್ಧ ನಿಮಿಷ ತಿರುಗಿದೆ, ಸಂಜೆವರೆಗೆ ಇದ್ದದ್ದು ಓಕರಿಕೆ, ಸುಸ್ತು, ಮತ್ತೆ ಬಂದೀತೆಂಬ ಭಯ. ಇವೆರಡನ್ನೂ ಕೂಡಿಸಬೇಡಿ, ರೋಗಪತ್ತೆ ನಿಂತಿರುವುದೇ ಈ ಲೆಕ್ಕದ ಮೇಲೆ. ಒಂದು ನಿಮಿಷದೊಳಗೆ ನಿಂತರೆ, ಅದೂ ಹೊರಳಿದಾಗ, ಲಾಫ್ಟ್‌ನಿಂದ ಡಬ್ಬ ಇಳಿಸಲು ತಲೆ ಎತ್ತಿದಾಗ ಮಾತ್ರ ಬಂದರೆ, ಸಾಮಾನ್ಯವಾಗಿ ಒಳಗಿವಿಯಲ್ಲಿರುವ ಸಣ್ಣ ಹರಳು ತನ್ನ ಜಾಗದಿಂದ ಜಾರಿರುತ್ತದೆ. ಗಂಟೆಗಟ್ಟಲೆ ಇದ್ದು, ಕಿವಿ ಗುಂಯ್‌ಗುಟ್ಟಿ ಮಂದವಾದರೆ ಮೆನಿಯೇರ್ ಎಂಬ ಒಳಗಿವಿಯ ಕಾಯಿಲೆ ಇರಬಹುದು. ದಿನಗಟ್ಟಲೆ ಬಿಡದೆ ಇದ್ದರೆ ಸಮತೋಲನದ ನರದ ಉರಿಯೂತವೋ ಮಿದುಳಿನ ತೊಂದರೆಯೋ ಎಂದು ನೋಡಬೇಕಾಗುತ್ತದೆ. ಹಳದಿ ವಾಂತಿಯಾಯಿತೆಂದು “ಪಿತ್ತ ಕೆರಳಿದೆ” ಎನ್ನುವುದು ಬೇಡ. ತಲೆ ತಿರುಗುವುದೇ ವಾಂತಿ ತರಿಸುತ್ತದೆ, ಹೊಟ್ಟೆ ಖಾಲಿಯಾದ ಮೇಲೆ ಪಿತ್ತರಸ ಬರುತ್ತದೆ.

ಜಾರುವ ಹರಳು ಕ್ಯಾಲ್ಸಿಯಂ ಕಾರ್ಬೊನೇಟ್‌ನದು, ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಹೆಚ್ಚಾಗಿ ಸೇರಿಕೊಳ್ಳುವುದು ತಲೆಯ ಚಲನೆ ಗ್ರಹಿಸುವ ಒಳಗಿವಿಯ ಅರ್ಧವೃತ್ತ ನಾಳಗಳಲ್ಲಿ ಹಿಂಭಾಗದ್ದಕ್ಕೆ. ಅಲ್ಲಿಂದ ಅದನ್ನು ಹೊರಡಿಸುವ ಮಾತ್ರೆಯಿಲ್ಲ. ತಲೆಸುತ್ತಿನ ಮಾತ್ರೆ ಎರಡು ಮೂರು ದಿನಕ್ಕೆ ಸರಿ. ಸಿನ್ನರಿಝಿನ್‌ ಎಂಬ ಅಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ ವಯಸ್ಸಾದವರಿಗೆ ಕೈನಡುಕ, ನಡಿಗೆ ನಿಧಾನವಾಗುವುದೂ ಉಂಟು.

ಹರಳನ್ನು ವಾಪಸ್ ಕಳಿಸುವುದು ಎಪ್ಲಿ ಎಂಬ ವೈದ್ಯರ ಹೆಸರಿನ ವಿಧಾನ, 1992ರಿಂದ ಎಲ್ಲೆಡೆ ಹೆಸರಾದದ್ದು. ಬಲಗಿವಿಯಾದರೆ ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಕತ್ತು ಅಂಚಿನಿಂದ ತುಸು ಇಳಿಬೀಳುವಂತೆ ಮಲಗಿಸುತ್ತೇವೆ. ಆಗ ತಲೆ ತಿರುಗಿ ಕಣ್ಣಗುಡ್ಡೆ ಅದುರುತ್ತದೆ; ಅದು ನಿಂತ ಮೇಲೂ ಸ್ವಲ್ಪ ಕಾದು, ತಲೆಯನ್ನು 90 ಡಿಗ್ರಿ ಎಡಕ್ಕೆ. ಮತ್ತೆ ಕಾದು, ಮುಖ ನೆಲ ನೋಡುವಂತೆ ಎಡಭುಜದ ಮೇಲೆ ಮೈ ಹೊರಳಿಸಿ, ಕೊನೆಗೆ ಎಬ್ಬಿಸಿ ಕೂರಿಸುವುದು. ಐದು ನಿಮಿಷ. ಮೊಬೈಲ್ ನೋಡಿ ಮನೆಯಲ್ಲೇ ಮೊದಲ ಸಲ ಮಾಡಬೇಡಿ: ಯಾವ ಕಿವಿ, ಯಾವ ನಾಳ ಎಂದು ಗೊತ್ತಾಗುವುದು ಕಣ್ಣಿನ ಆ ಅದುರುವಿಕೆಯಿಂದ. ಕತ್ತಿನ ತೊಂದರೆ ಇರುವವರಿಗಂತೂ ಬೇರೆ ದಾರಿ ಹುಡುಕಬೇಕು.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಉಳಿದವರು ಬರುವಾಗ ಒಂದು ಉಪಕಾರ ಮಾಡಿ. ಮುಂದಿನ ಸಲ ತಿರುಗಿದಾಗ ಮನೆಯವರು ನಿಮ್ಮ ಕಣ್ಣುಗಳನ್ನು ಹತ್ತಿರದಿಂದ, ತೆರೆದಿಟ್ಟು, ವಿಡಿಯೋ ಮಾಡಲಿ. ತಂದ ಎಕ್ಸ್‌ರೇಗಿಂತ ಆ ಅರ್ಧ ನಿಮಿಷ ನಮಗೆ ಹೆಚ್ಚು ಹೇಳುತ್ತದೆ.