ಪದ ಪರಿಚಯ: ಪಾಪನಿವೇದನೆಯ ಮುದ್ರೆ

ಯುರೋಪಿನ ಹಳೆಯ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡ ಐತಿಹಾಸಿಕ ಕಾದಂಬರಿಗಳನ್ನು ಓದುವವರಿಗೆ ಒಂದು ಸನ್ನಿವೇಶ ಮತ್ತೆ ಮತ್ತೆ ಎದುರಾಗುತ್ತದೆ. ಊರಿನ ಪಾದ್ರಿಗೆ ಯಾರದೋ ಕೊಲೆಯ, ಯಾರದೋ ಹುಟ್ಟಿನ ಗುಟ್ಟು ಗೊತ್ತಿರುತ್ತದೆ. ಅವನೇ ಒಬ್ಬಳನ್ನು ಪ್ರೀತಿಸುತ್ತಿರುತ್ತಾನೆ. ಬಾಯಿ ಬಿಟ್ಟರೆ ಒಂದು ಜೀವ ಉಳಿಯುತ್ತದೆ, ಆದರೂ ಅವನು ಬಾಯಿ ಬಿಡುವುದಿಲ್ಲ. ಆ ಮೌನವನ್ನು ಹೇಡಿತನವೆಂದೋ ಹಟವೆಂದೋ ಓದಿಕೊಂಡರೆ ಕಥೆಯ ಜೀವಾಳವೇ ಕೈತಪ್ಪುತ್ತದೆ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಅದಕ್ಕೊಂದು ಹೆಸರಿದೆ: ಪಾಪನಿವೇದನೆಯ ಮುದ್ರೆ. ಪಾಪನಿವೇದನೆ ಎಂಬ ಸಂಸ್ಕಾರದಲ್ಲಿ ಭಕ್ತನೊಬ್ಬ ದೇವರ ಕ್ಷಮೆ ಬೇಡಿ ಗುರುವಿನ, ಎಂದರೆ ಪಾದ್ರಿಯ, ಮುಂದೆ ಹೇಳಿಕೊಂಡದ್ದನ್ನು ಆ ಗುರು ಯಾವ ಕಾರಣಕ್ಕೂ, ಯಾವ ರೀತಿಯಲ್ಲೂ, ಯಾರಿಗೂ ತಿಳಿಸಕೂಡದೆಂಬ ಕಟ್ಟಳೆಗೆ ಈ ಹೆಸರು.

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಮಾತಿನಲ್ಲಿ ಈ ಸಂಸ್ಕಾರಕ್ಕೆ ಕುಮ್ಸಾರ್ ಎನ್ನುತ್ತಾರೆ. ಕನ್ನಡದಲ್ಲಿ ಪತ್ರಿಕೆಗಳು ಬಳಸುವ ತಪ್ಪೊಪ್ಪಿಗೆ ಎಂಬ ಮಾತು ಪೊಲೀಸ್ ಠಾಣೆಯನ್ನೂ ನ್ಯಾಯಾಲಯವನ್ನೂ ನೆನಪಿಗೆ ತರುವುದರಿಂದ ಇಲ್ಲಿ ಹೊಂದುವುದಿಲ್ಲ. ನಿವೇದನೆ ಎಂಬುದೇ ಸರಿಯಾದ ಪದ. ಅದರಲ್ಲಿ ಒಪ್ಪಿಸಿಕೊಳ್ಳುವ ಭಾವವಿದೆ. ನಮ್ಮ ದೇವಸ್ಥಾನಗಳಲ್ಲಿ ತಪ್ಪುಕಾಣಿಕೆ ಹಾಕುವವನು ತನ್ನ ತಪ್ಪನ್ನು ಮನಸ್ಸಿನಲ್ಲೇ ದೇವರಿಗೆ ಹೇಳಿ ಹಣವನ್ನು ಹುಂಡಿಗೆ ಹಾಕುತ್ತಾನೆ, ಅರ್ಚಕರಿಗೆ ಅದೇನೆಂದು ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ, ನಡುವೆ ಕಿವಿಯುಳ್ಳ ಮನುಷ್ಯನೊಬ್ಬ ಕೂತಿರುತ್ತಾನೆ. ಆದ್ದರಿಂದಲೇ ಮುದ್ರೆ ಬೇಕಾಯಿತು. ಲ್ಯಾಟಿನ್ನಿನ ಸಿಜಿಲ್ಲುಮ್ ಎಂಬ ಈ ಪದ ಮೂಲದಲ್ಲಿ ಪತ್ರವನ್ನು ಮಡಚಿ ಅರಗಿನ ಮೇಲೆ ಒತ್ತುವ ಮೊಹರನ್ನು ಸೂಚಿಸುತ್ತದೆ. ವಚನದ ಕೊನೆಯಲ್ಲಿ ಬರುವ ಮುದ್ರಿಕೆ ಬರೆದವರು ಯಾರೆಂದು ತೋರಿಸಿಕೊಡುತ್ತದೆ. ಈ ಮುದ್ರೆಯಾದರೋ ಹೇಳಿದವರು ಯಾರು, ಹೇಳಿದ್ದೇನು ಎಂಬುದನ್ನು ಮುಚ್ಚಿಡುತ್ತದೆ.

ಕಟ್ಟಳೆ ಹಳೆಯದು. ಇಡೀ ಪಶ್ಚಿಮ ಧರ್ಮಸಭೆಗೆ ಅನ್ವಯಿಸುವಂತೆ ಅದನ್ನು ಬರೆದಿಟ್ಟದ್ದು 1215ರಲ್ಲಿ, ಮೂರನೆಯ ಇನ್ನೊಸೆಂಟ್ ಪೋಪರು ರೋಮಿನಲ್ಲಿ ಕರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ. ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ತನ್ನ ಪಾಪಗಳನ್ನು ಗುರುವಿಗೆ ನಿವೇದಿಸಿಕೊಳ್ಳಬೇಕೆಂದು ಅದರ 21ನೆಯ ನಿಯಮ ವಿಧಿಸಿತು. ಕೇಳಿದ್ದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹಿದ ಗುರುವನ್ನು ಪದವಿಯಿಂದ ಇಳಿಸಿ, ಜೀವನಪೂರ್ತಿ ಪ್ರಾಯಶ್ಚಿತ್ತಕ್ಕಾಗಿ ಕಟ್ಟುನಿಟ್ಟಿನ ಮಠದಲ್ಲಿ ಇರಿಸಬೇಕೆಂದೂ ಅದೇ ನಿಯಮ ಹೇಳಿತು. ಎಲ್ಲರೂ ಹೇಳಲೇಬೇಕೆಂದು ಆಜ್ಞೆ ಮಾಡಿದ ಮೇಲೆ, ಕೇಳುವವನ ನಾಲಿಗೆಯನ್ನು ಕಟ್ಟಿಹಾಕದೆ ಬೇರೆ ದಾರಿ ಇರಲಿಲ್ಲ. ಅದೇ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೊಟ್ಟ ವಿವರಣೆ ನನಗೆ ತುಂಬ ಮುಖ್ಯವೆನಿಸುತ್ತದೆ: ನಿವೇದನೆಯಲ್ಲಿ ಕೇಳಿದ್ದನ್ನು ಗುರು ಮನುಷ್ಯನಾಗಿ ಅರಿತಿಲ್ಲ, ದೇವರು ಅರಿತಿರುವ ಹಾಗೆ ಅರಿತಿದ್ದಾನೆ. ಎಂದರೆ, ಮನುಷ್ಯನಾಗಿ ಅವನಿಗೆ ಅದು ಗೊತ್ತೇ ಇಲ್ಲ.

ಈ ವಿವರಣೆಯ ಪರಿಣಾಮ ದೊಡ್ಡದು. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಕಾನೂನಿನ 983ನೆಯ ನಿಯಮ ಮುದ್ರೆಯನ್ನು ಉಲ್ಲಂಘಿಸಲಾಗದ್ದೆಂದು ಸಾರಿದರೆ, 984ನೆಯದು ಇನ್ನೂ ಮುಂದೆ ಹೋಗುತ್ತದೆ: ಗುಟ್ಟು ಬಯಲಾಗುವ ಭಯವೇ ಇಲ್ಲದಿದ್ದರೂ, ನಿವೇದನೆಯಿಂದ ತಿಳಿದದ್ದನ್ನು ಹೇಳಿಕೊಂಡವರಿಗೆ ತೊಂದರೆಯಾಗುವಂತೆ ಗುರು ಬಳಸಿಕೊಳ್ಳಕೂಡದು. ಗುರುವಿನ ಮನೆಯ ಆಳು ತಾನು ಕಳ್ಳತನ ಮಾಡಿದ್ದೇನೆಂದು ನಿವೇದಿಸಿಕೊಂಡನೆಂದು ಇಟ್ಟುಕೊಳ್ಳೋಣ. ಮರುದಿನ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಅವನ ಕಡೆ ಬೇರೆ ಕಣ್ಣಿನಿಂದ ನೋಡುವಂತೆಯೂ ಇಲ್ಲ. ಮುದ್ರೆಯನ್ನು ನೇರವಾಗಿ ಮುರಿದ ಗುರು ಆ ಕ್ಷಣದಲ್ಲಿಯೇ ಬಹಿಷ್ಕೃತನಾಗುತ್ತಾನೆ. ಆ ಬಹಿಷ್ಕಾರವನ್ನು ಎತ್ತುವ ಅಧಿಕಾರವನ್ನು ರೋಮಿನ ಪೋಪರ ಪೀಠ ತನ್ನಲ್ಲೇ ಇಟ್ಟುಕೊಂಡಿದೆ.

ಕಾದಂಬರಿ ಓದುವಾಗ ನಾವು ಸಾಮಾನ್ಯವಾಗಿ ಎಡವುವುದು ಗುಟ್ಟು ಯಾರದು ಎಂಬಲ್ಲಿ. ಮುದ್ರೆ ಕಾಯುವುದು ನಿವೇದಿಸಿಕೊಂಡವರ ಗುಟ್ಟನ್ನು. ಗುರುವಿನ ಸ್ವಂತ ಗುಟ್ಟಿಗೆ ಅದರ ಆಸರೆಯಿಲ್ಲ. ಅವನ ಪ್ರೀತಿ, ಅವನ ಬ್ರಹ್ಮಚರ್ಯದ ವ್ರತಭಂಗ, ಅವನ ಮಗು, ಇವೆಲ್ಲ ಬರಿಯ ಬಚ್ಚಿಟ್ಟ ಸಂಗತಿಗಳು. ಅವನೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಿದಾಗ ಮಾತ್ರ ಅವು ಮುದ್ರೆಯೊಳಗೆ ಹೋಗುತ್ತವೆ. ನಿವೇದಿಸಿಕೊಂಡವಳಿಗಾದರೋ ಯಾವ ಕಟ್ಟೂ ಇಲ್ಲ. ತಾನು ಹೇಳಿದ್ದನ್ನು, ಗುರು ಹೇಳಿದ್ದನ್ನು ಅವಳು ಸಂತೆಯಲ್ಲಿ ನಿಂತು ಹೇಳಬಹುದು. ಅವಳು ಸುಳ್ಳು ಹೇಳಿದರೂ, ಅಲ್ಲಿ ನಡೆದ ಮಾತು ಅದಲ್ಲವೆಂದು ತೋರಿಸಲು ಅವನು ನಿವೇದನೆಯನ್ನು ಬಿಚ್ಚಿಡಲಾರ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ಗುರುವೂ ಒಬ್ಬ ಹೆಣ್ಣೂ ಕೂಡಿ ವ್ರತ ಮುರಿದಿದ್ದರೆ, ಆ ಪಾಪಕ್ಕೆ ಅವಳಿಗೆ ಕ್ಷಮಾಪಣೆ ಕೊಡುವ ಅಧಿಕಾರ ಅವನಿಗಿಲ್ಲ. ಕೊಟ್ಟರೂ ಅದು ಊರ್ಜಿತವಾಗುವುದಿಲ್ಲ, ಮೇಲಾಗಿ ಕೊಟ್ಟವನೇ ಬಹಿಷ್ಕಾರಕ್ಕೆ ಗುರಿಯಾಗುತ್ತಾನೆ. ಅವಳು ಸಾವಿನ ಅಂಚಿನಲ್ಲಿದ್ದರೆ ಮಾತ್ರ ವಿನಾಯಿತಿ. ಇದನ್ನು ಇಡೀ ಸಭೆಗೆ ವಿಧಿಸಿದವರು 1741ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು. ಒಂದೇ ಚರ್ಚು, ಒಬ್ಬನೇ ಗುರು ಇರುವ ದೂರದ ಹಳ್ಳಿಯನ್ನು ಊಹಿಸಿಕೊಳ್ಳಿ. ಅವನನ್ನು ಪ್ರೀತಿಸಿದವಳಿಗೆ ಊರಲ್ಲಿ ನಿವೇದನೆಗೆ ಜಾಗವೇ ಇಲ್ಲ. ಬೇರೆ ಊರಿನ ಗುರುವಿನ ಬಳಿಗೆ ನಡೆದು ಹೋಗಬೇಕು. ಹೋದರೆ ಊರು ಏಕೆಂದು ಕೇಳುತ್ತದೆ, ಹೋಗದಿದ್ದರೆ ವಿಶ್ವಾಸಿಯಾದ ಅವಳು ತನ್ನ ಆತ್ಮದ ಗತಿಯನ್ನು ನೆನೆದು ನಡುಗುತ್ತಾಳೆ. ಅವಳನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವನೇ ಅವಳಿಗೆ ಆ ಒಂದನ್ನು ಕೊಡಲಾರ. ಇಂಥ ಕಥೆಗಳಲ್ಲಿ ವಿಶ್ವಾಸ ಮತ್ತು ಪ್ರೀತಿ ನಿಜವಾಗಿ ಡಿಕ್ಕಿ ಹೊಡೆಯುವ ಜಾಗ ಇದೇ ಎಂದು ನಾನು ನಂಬಿದ್ದೇನೆ.

ಪ್ರೀತಿ ನಿಷಿದ್ಧವಾದದ್ದು ಯಾವಾಗ ಎಂಬುದನ್ನೂ ಗಮನಿಸಬೇಕು. ಹನ್ನೊಂದನೆಯ ಶತಮಾನದಲ್ಲಿ ಪಶ್ಚಿಮ ಯುರೋಪಿನ ಹಳ್ಳಿಗಳಲ್ಲಿ ಹೆಂಡತಿ ಮಕ್ಕಳಿದ್ದ ಪಾದ್ರಿಗಳು ಅಪರೂಪವಾಗಿರಲಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಯಲ್ಲಿ ದೀಕ್ಷೆಗೆ ಮೊದಲೇ ಮದುವೆಯಾದವರು ಇಂದಿಗೂ ಗುರುಗಳಾಗುತ್ತಾರೆ. ಉನ್ನತ ದೀಕ್ಷೆ ಪಡೆದವರು ಮಾಡಿಕೊಂಡ ಮದುವೆ ಮದುವೆಯೇ ಅಲ್ಲವೆಂದು ಪಶ್ಚಿಮದಲ್ಲಿ ತೀರ್ಮಾನವಾದದ್ದು 1139ರ ಎರಡನೆಯ ಲ್ಯಾಟರನ್ ಮಹಾಸಭೆಯಲ್ಲಿ. ಪ್ಯಾರಿಸ್ಸಿನ ತತ್ತ್ವಜ್ಞಾನಿ ಪೀಟರ್ ಅಬೆಲಾರ್ಡ್ ಮತ್ತು ಅವನ ಶಿಷ್ಯೆ ಹೆಲೊಯಿಸ್ ಇವರ ಗುಟ್ಟಿನ ಮದುವೆ ಅದಕ್ಕೆ ಸುಮಾರು ಎರಡು ದಶಕ ಮೊದಲಿನದು. ಅವಳ ಸೋದರಮಾವ ಫುಲ್ಬರ್ಟ್ ಕಳಿಸಿದ ಜನ ಅಬೆಲಾರ್ಡನ ಪುರುಷತ್ವವನ್ನೇ ಕತ್ತರಿಸಿದ ಮೇಲೆ ಇಬ್ಬರೂ ಮಠ ಸೇರಿದರು. ವರ್ಷಗಳ ನಂತರ ಮಠಾಧಿಪತಿಯಾಗಿದ್ದ ಹೆಲೊಯಿಸ್ ಅವನಿಗೆ ಬರೆದ ಪತ್ರದಲ್ಲಿ, ಚರ್ಚಿನ ಬಲಿಪೂಜೆಯ (ಮಾಸ್) ನಡುವೆಯೂ ಹಳೆಯ ಸುಖದ ನೆನಪುಗಳೇ ತನ್ನನ್ನು ಆವರಿಸುತ್ತವೆ, ಜನ ತನ್ನನ್ನು ಪರಿಶುದ್ಧಳೆನ್ನುವುದು ತನ್ನೊಳಗಿನ ಕಪಟ ಅವರಿಗೆ ತಿಳಿಯದ್ದರಿಂದ ಎಂದು ಹೇಳಿಕೊಳ್ಳುತ್ತಾಳೆ. ಪಶ್ಚಾತ್ತಾಪ ಬಾರದೆ ಕ್ಷಮೆಯಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗುರುವಿನ ಕಿವಿಗೆ ಸಲ್ಲಬೇಕಾದ ಮಾತು ಪತ್ರವಾಯಿತು. ಪತ್ರಕ್ಕೆ ಸಂಸ್ಕಾರದ ಮುದ್ರೆ ಇರಲಿಲ್ಲವಾದ್ದರಿಂದ ಒಂಬೈನೂರು ವರ್ಷಗಳ ತರುವಾಯ ನಾವು ಅದನ್ನು ಓದುತ್ತಿದ್ದೇವೆ.

ಬರೆಯುವವರಿಗೆ ಒಂದು ಎಚ್ಚರಿಕೆ. ನಿವೇದನೆ ಕೇಳಲು ಗುರು ಕೂರುವ, ಜಾಲರಿಯ ಕಿಟಕಿಯುಳ್ಳ ಮರದ ಗೂಡು ಹದಿಮೂರನೆಯ ಶತಮಾನದ ಕಥೆಯಲ್ಲಿ ಬರಬಾರದು. ಅದನ್ನು ಬಳಕೆಗೆ ತಂದವರು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ. ಗುರುವಿಗೂ ನಿವೇದಿಸಿಕೊಳ್ಳುವ ಹೆಂಗಸರಿಗೂ ನಡುವೆ ತಡೆಯೊಂದಿರಲಿ ಎಂಬುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಅದಕ್ಕೆ ಮೊದಲು ಗುರು ಚರ್ಚಿನೊಳಗೆ ಎಲ್ಲರ ಕಣ್ಣಿಗೆ ಬೀಳುವಂತೆ ಕೂರುತ್ತಿದ್ದ, ಬಂದವರು ಪಕ್ಕದಲ್ಲಿ ಮೊಣಕಾಲೂರುತ್ತಿದ್ದರು.

ಮುದ್ರೆಗಾಗಿ ಪ್ರಾಣ ತೆತ್ತವನೆಂದು ಪೂಜಿಸಲ್ಪಡುವವನು ಪ್ರಾಗ್ ನಗರದ ನೆಪೊಮುಕ್‌ನ ಯೋಹಾನ. 1393ರ ಮಾರ್ಚ್ 20ರಂದು ರಾಜ ನಾಲ್ಕನೆಯ ವೆನ್ಸೆಸ್ಲಾಸ್‌ನ ಆಜ್ಞೆಯಂತೆ ಅವನನ್ನು ಸೇತುವೆಯ ಮೇಲಿಂದ ವ್ಲ್‌ಟಾವಾ ನದಿಗೆ ಎಸೆದರು. ರಾಣಿಯ ನಿವೇದನೆಯನ್ನು ತಿಳಿಸಲು ಅವನು ಒಪ್ಪಲಿಲ್ಲ, ರಾಣಿಗೆ ಪ್ರಿಯಕರನಿದ್ದಾನೆಂಬ ಸಂಶಯ ರಾಜನಿಗಿತ್ತು ಎಂಬುದು ಐತಿಹ್ಯ. 1729ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು. ಸಮಕಾಲೀನ ದಾಖಲೆಗಳು ಹೇಳುವುದೇ ಬೇರೆ: ಆರ್ಚ್‌ಬಿಷಪ್ಪರ ಪ್ರತಿನಿಧಿಯಾಗಿದ್ದ ಅವನು ಕ್ಲಾದ್ರುಬಿ ಮಠದ ಅಧಿಪತಿಯ ನೇಮಕದ ಜಗಳದಲ್ಲಿ ರಾಜನ ಕೋಪಕ್ಕೆ ತುತ್ತಾದ. ರಾಣಿಯ ಮಾತು ಬರಹದಲ್ಲಿ ಕಾಣಿಸಿಕೊಳ್ಳುವುದು ಹಲವು ದಶಕಗಳ ನಂತರ. ಮುದ್ರೆಯನ್ನು ಕಾದವರ ಕಥೆಗಳಿಗೆ ಸಾಕ್ಷ್ಯ ಸಿಗದಿರುವುದು ಸಹಜವೇ, ಏಕೆಂದರೆ ನಿಜವಾಗಿ ಕಾದವನು ತಾನು ಏನನ್ನು ಕಾದೆನೆಂದು ಹೇಳಿಹೋಗಿರುವುದಿಲ್ಲ.

ನಮ್ಮ ದೇಶದ ಕಾನೂನು ಈ ಮುದ್ರೆಯನ್ನು ಪ್ರತ್ಯೇಕವಾಗಿ ಗುರುತಿಸುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಗಂಡಹೆಂಡಿರ ನಡುವಿನ ಮಾತಿಗೆ 122ನೆಯ ಕಲಮು, ವಕೀಲನಿಗೆ ಹೇಳಿದ ಮಾತಿಗೆ 126ನೆಯ ಕಲಮು ರಕ್ಷಣೆ ಕೊಟ್ಟಿದ್ದವು, ಗುರುವಿಗೆ ಹೇಳಿದ ಮಾತಿಗೆ ಅಂಥ ಕಲಮು ಇರಲಿಲ್ಲ. ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ. ನ್ಯಾಯಾಲಯ ಕೇಳಿದರೆ, ಮಂಗಳೂರಿನ ಪಾದ್ರಿಯೊಬ್ಬ ಸುಮ್ಮನಿರುವುದು ತನ್ನ ವಿಶ್ವಾಸದ ಬಲವೊಂದರಿಂದಲೇ.