ರೇಡಿಯೊ ಚರ್ಚೆಯಲ್ಲಿ ಎಲ್ಲ ಮೊದಲೇ ಮಾತಾಡಿಕೊಂಡು ಬಂದಿರುತ್ತಾರಾ?

ಪ್ರಶ್ನೆ: ರೇಡಿಯೊದಲ್ಲಿ ಮೂರ್ನಾಲ್ಕು ಜನ ಕೂತು ದಿನದ ಸುದ್ದಿ, ಜನರ ಸಮಸ್ಯೆ ಅಂತ ಚರ್ಚೆ ಮಾಡುತ್ತಾರೆ. ಕೂಗಾಟ ಇಲ್ಲ, ತಡವರಿಕೆ ಇಲ್ಲ, ಸಮಯಕ್ಕೆ ಸರಿಯಾಗಿ ಮುಗಿದೂ ಹೋಗುತ್ತದೆ. ಇದೆಲ್ಲ ಮೊದಲೇ ಬರೆದಿಟ್ಟದ್ದು ಅಲ್ವಾ?

ಉತ್ತರ: ಅರ್ಧ ಹೌದು. ಯಾವ ವಿಷಯ ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಷ್ಟು ನಿಮಿಷ ಅನ್ನುವುದು ನಿರೂಪಕರ ಮುಂದಿನ ಹಾಳೆಯಲ್ಲಿ ಇರುತ್ತದೆ. ಶುರುವಿನ ನಾಲ್ಕು ಮಾತು, ಅತಿಥಿಗಳ ಪರಿಚಯ ಕೂಡ ಸಾಮಾನ್ಯವಾಗಿ ಬರೆದದ್ದೇ. ಉತ್ತರ ಮಾತ್ರ ಬರೆದು ತಂದರೆ ನಡೆಯುವುದಿಲ್ಲ. ಓದುವ ದನಿಯೇ ಬೇರೆ, ಎರಡನೇ ವಾಕ್ಯಕ್ಕೇ ಕೇಳುಗರಿಗೆ ಗೊತ್ತಾಗಿಬಿಡುತ್ತದೆ. ಸಾಲದ್ದಕ್ಕೆ ಹಾಳೆ ತಿರುವಿದ ಸದ್ದನ್ನೂ ಮೈಕ್ ಬಿಡುವುದಿಲ್ಲ.

ಹಾಗಾದರೆ ಅಷ್ಟು ಸಲೀಸಾಗಿ ಹೇಗೆ ಮಾತಾಡುತ್ತಾರೆ? ಹಿಂದಿನ ದಿನದ ಒಂದು ಫೋನ್ ಕರೆ ಇದರ ಹಿಂದೆ ಇರುತ್ತದೆ. ಪ್ರೊಡ್ಯೂಸರ್ ಪ್ರತಿ ಅತಿಥಿಗೂ ಕರೆ ಮಾಡಿ, ಈ ವಿಷಯದಲ್ಲಿ ನಿಮ್ಮ ನಿಲುವೇನು ಅಂತ ವಿಚಾರಿಸಿಕೊಂಡಿರುತ್ತಾರೆ. ನಾಲ್ವರೂ ಒಂದೇ ಮಾತು ಹೇಳುವವರಾದರೆ ಚರ್ಚೆಯೇ ಇಲ್ಲವಲ್ಲ, ಅದನ್ನು ತಿಳಿದುಕೊಳ್ಳುವುದಕ್ಕೆ. ಇದರಲ್ಲಿ ಒಂದು ಅಪಾಯವೂ ಇದೆ. ಫೋನಿನಲ್ಲಿ ಬಿಸಿಬಿಸಿಯಾಗಿ ಬಂದ ಮಾತು ಮರುದಿನ ಮೈಕಿನ ಮುಂದೆ ತಣ್ಣಗಾಗಿರುತ್ತದೆ. 'ನಿನ್ನೆ ಹೇಳಿದೆನಲ್ಲ, ಅದೇ' ಅಂತ ಅತಿಥಿ ಅಂದುಬಿಟ್ಟರೆ ಮುಗಿಯಿತು. ಕೇಳುಗರಿಗೆ ನಿನ್ನೆಯದು ಏನು ಗೊತ್ತು?

ಪ್ರಶ್ನೆಯನ್ನೇ ಗುಟ್ಟಾಗಿಡುವ ಕಾರ್ಯಕ್ರಮಗಳೂ ಇವೆ. ಬಿಬಿಸಿಯ 'ಎನಿ ಕ್ವೆಶ್ಚನ್ಸ್?' 1948ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಶುರುವಾಯಿತು. ಅಲ್ಲಿ ಪ್ರಶ್ನೆ ಕೇಳುವವರು ಎದುರಿಗೆ ಕೂತ ಜನ. ವೇದಿಕೆಯಲ್ಲಿ ಕೂತವರಿಗೆ ಪ್ರಶ್ನೆ ಏನೆಂದು ಮೊದಲೇ ಹೇಳುವುದಿಲ್ಲ. ಆದರೆ ಆ ವಾರದ ಪತ್ರಿಕೆ ಓದಿದವರು ಅರ್ಧದಷ್ಟನ್ನಾದರೂ ಊಹಿಸಬಹುದು ಅನ್ನಿ.

ಇನ್ನು ಕೂಗಾಟದ ವಿಷಯ. ಟಿವಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ತುಟಿ ನೋಡಿ ಯಾರ ಮಾತು ಯಾವುದು ಅಂತ ಹೇಗೋ ಬಿಡಿಸಿಕೊಳ್ಳುತ್ತೇವೆ. ರೇಡಿಯೊದಲ್ಲಿ ಆ ಸಹಾಯ ಇಲ್ಲ. ಎರಡು ದನಿ ಒಂದೇ ಸ್ಪೀಕರಿನಿಂದ ಬಂದಾಗ ಬರೀ ಗದ್ದಲ. ಅದಕ್ಕೇ ನಿರೂಪಕರು ಮತ್ತೆ ಮತ್ತೆ ಹೆಸರು ಹಿಡಿದು ಕರೆಯುವುದು. ಅದು ಬರೀ ಮರ್ಯಾದೆಗಲ್ಲ, ಅರ್ಧಕ್ಕೆ ರೇಡಿಯೊ ಹಾಕಿದವರಿಗೆ ಈ ದನಿ ಯಾರದು ಅಂತ ತಿಳಿಯಬೇಕು. ಅತಿಥಿ ಮಾತು ನಿಲ್ಲಿಸದಿದ್ದರೆ ಕೈ ಎತ್ತುತ್ತಾರೆ, ಮುಂದೆ ಬಾಗುತ್ತಾರೆ, ಕಣ್ಣಲ್ಲೇ ಸಾಕು ಅನ್ನುತ್ತಾರೆ. ಎಲ್ಲ ಸದ್ದಿಲ್ಲದ ಕೆಲಸ. ಅದೇ ಹೊತ್ತಿಗೆ ಹೆಡ್‌ಫೋನಿನಲ್ಲಿ ಪ್ರೊಡ್ಯೂಸರ್, 'ಇನ್ನು ಎರಡು ನಿಮಿಷ, ಫೋನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ' ಅನ್ನುತ್ತಿರುತ್ತಾರೆ. ಒಂದು ಕಿವಿ ಅತಿಥಿಗೆ, ಒಂದು ಕಿವಿ ಅವರಿಗೆ. ನನ್ನನ್ನು ಕೇಳಿದರೆ ಆ ಕೋಣೆಯಲ್ಲಿ ಅತಿ ಕಷ್ಟದ ಕೆಲಸ ಇದೇ.

ಎಲ್ಲರ ಮೈಕೂ ಸದಾ ಪೂರ್ತಿ ತೆರೆದಿರುತ್ತದೆ ಅಂದುಕೊಳ್ಳಬೇಡಿ. ಒಬ್ಬರ ದನಿ ನಾಲ್ಕೂ ಮೈಕಿಗೆ ಬಿದ್ದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಹಾಗಾಗಿ ಸುಮ್ಮನಿರುವವರ ಫೇಡರನ್ನು, ಅಂದರೆ ಮೈಕಿನ ದನಿ ಏರಿಸಿ ಇಳಿಸುವ ಜಾರುಗುಂಡಿಯನ್ನು, ಆಚೆ ಕೂತ ತಂತ್ರಜ್ಞರು ಇಳಿಸಿಟ್ಟಿರುತ್ತಾರೆ. ಫೋನ್-ಇನ್, ಅಂದರೆ ಕೇಳುಗರೇ ಫೋನ್ ಮಾಡಿ ಮಾತಾಡುವ ಭಾಗ ಇದ್ದರೆ ನೇರ ಪ್ರಸಾರವನ್ನೇ ಕೆಲವು ಸೆಕೆಂಡು ತಡವಾಗಿ ಬಿಡುವುದುಂಟು. ಯಾರಾದರೂ ಕೆಟ್ಟದಾಗಿ ಬೈದರೆ ಒಂದು ಗುಂಡಿ ಒತ್ತಿದರಾಯಿತು, ಆ ಮಾತು ಹೊರಗೆ ಹೋಗುವುದಿಲ್ಲ. ಫೋನ್ ಮಾಡಿದವರಿಗೆ ಮೊದಲು ರೇಡಿಯೊ ಆರಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ. ತಮ್ಮದೇ ಮಾತು ತಡವಾಗಿ ಕಿವಿಗೆ ಬಿದ್ದರೆ ಎಂಥವರಿಗೂ ನಾಲಿಗೆ ತೊಡರುತ್ತದೆ.

ತಡವರಿಕೆ ಇಲ್ಲ ಅಂದಿರಲ್ಲ, ಅದು ಪೂರ್ತಿ ನಿಜವಲ್ಲ. ನೀರು, ರಸ್ತೆ, ಶಾಲೆಯಂಥ ವಿಷಯಕ್ಕೆ ಅಧಿಕಾರಿಯ ಜೊತೆ ಕಷ್ಟ ಪಟ್ಟವರೊಬ್ಬರನ್ನೂ ಕೂರಿಸುತ್ತಾರೆ. ಅಧಿಕಾರಿಗೆ ಮೈಕ್ ಅಭ್ಯಾಸ, ಇವರಿಗೆ ಬಾಯಿ ಒಣಗಿರುತ್ತದೆ. ದನಿಯ ಮಟ್ಟ ನೋಡುವುದಕ್ಕೆ 'ಬೆಳಿಗ್ಗೆ ಏನು ತಿಂಡಿ ತಿಂದಿರಿ?' ಅಂತ ಕೇಳುವ ಹಳೇ ರೂಢಿಯೊಂದಿದೆ. ಅದು ಮೈಕಿಗಷ್ಟೇ ಅಲ್ಲ, ಹೆದರಿದ ಮನುಷ್ಯನಿಗೂ ಒಳ್ಳೆಯದು. ಆಮೇಲೂ ಮಾತು ನಿಂತರೆ ಒಳ್ಳೆಯ ನಿರೂಪಕರು ನಡುವೆ ಬಾಯಿ ಹಾಕದೆ ಒಂದೆರಡು ಸೆಕೆಂಡು ಕಾಯುತ್ತಾರೆ. ಮೊದಲೇ ರೆಕಾರ್ಡ್ ಮಾಡಿದ ಚರ್ಚೆಯಾದರೆ ಈ ಮೌನವನ್ನು ಕತ್ತರಿಸಬಹುದು, ಬಹಳ ಸಲ ಕತ್ತರಿಸುತ್ತಾರೆ ಕೂಡ. ಅಲ್ಲೊಂದು ಇಲ್ಲೊಂದು ಕೆಮ್ಮು, ಉಳಿದುಹೋದ ಮೌನ ಕೇಳಿಸಿದರೆ ಅದು ನೇರ ಪ್ರಸಾರ ಇರಬಹುದು.